ರೊಟ್ಟಿ ಗ್ರೂಪಿನಲ್ಲಿ ತೊಗರಿ ರೇಟು

ಕಲಬುರಗಿಯಲ್ಲಿ ಏನನ್ನಾದರೂ ಮಾರುವುದು ಅಂದರೆ ಸುಮ್ನೆ ಅಲ್ಲ. ಜನ ಕೊಳ್ಳುವುದಿಲ್ಲ ಅಂತಲ್ಲ, ಧಾರಾಳವಾಗಿ ಕೊಳ್ಳುತ್ತಾರೆ. ಆದರೆ ರೇಟ್ ಕೇಳುವ ಮೊದಲು ಯಾವ ಊರು ಅಂತ ಕೇಳುತ್ತಾರೆ. ಊರು ಹೇಳಿದರೆ ಮನೆತನ ಕೇಳುತ್ತಾರೆ. 'ಹಂಗಾರ ನಿಮ್ಮ ಅತ್ತಿ ನಮ್ಮ ಅವ್ವಗ ಕಾಕಾನ ಮಗಳು ಆಗಬೇಕು ನೋಡ್ರಿ' ಅನ್ನುವಷ್ಟರಲ್ಲಿ ಸಂಬಂಧ ಗಟ್ಟಿಯಾಗಿ ರೇಟ್ ಮೆತ್ತಗಾಗಿರುತ್ತದೆ. ಮಾತು ಇನ್ನೂ ಸ್ವಲ್ಪ ಬೆಳೆದರೆ ಉದ್ರಿ.

ಇಂಥ ಊರಲ್ಲಿ ನಾನು ಮತ್ತು ನಮ್ಮ ಅತ್ತೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಮಾರುತ್ತೇವೆ. ಹಿಂಡಿ ಅಂದರೆ ನಮ್ಮ ಕಡೆ ಚಟ್ನಿ ಪುಡಿ. ರೊಟ್ಟಿ ಬಡಿಯುವವರು ಅತ್ತೆ, ಮೊಬೈಲ್ ಹಿಡಿಯುವವಳು ನಾನು. ಸಲಹೆಗಾರ ನಾದಿನಿಯ ಮಗ. ಎಂಜಿನಿಯರಿಂಗ್ ಓದುತ್ತಿದ್ದಾನೆ, ಅಂದರೆ ನಮ್ಮ ಮನೆಯಲ್ಲೇ ಜಾಸ್ತಿ ಇರುತ್ತಾನೆ. 'ಮಾಮಿ, ಮೊದಲು ಕಮ್ಯುನಿಟಿ ಕಟ್ಟಬೇಕು. ಹತ್ತು ಪೋಸ್ಟ್ ಹಾಕಿದರ ಎಂಟು ಬರೇ ಮಾತುಕತಿ, ಎರಡೇ ವ್ಯಾಪಾರದ್ದು' ಅಂತ ಪಾಠ ಹೇಳಿದ. ಅತ್ತೆ ಹಿಟ್ಟು ನಾದುತ್ತಲೇ ಕೇಳಿದರು: 'ಎಂಟು ಸಲ ಮಾತಾಡಿಸಿದ ಮ್ಯಾಲ ರೊಕ್ಕ ಹ್ಯಾಂಗ ಕೇಳೂದೋ?' ಅವನು ನೋಡಿದ ಯಾವ ವಿಡಿಯೊದಲ್ಲೂ ಇದಕ್ಕೆ ಉತ್ತರ ಇರಲಿಲ್ಲ.

ಮೊದಲು ರೀಲ್ಸ್ ಮಾಡಿದೆವು. ಮುಖ ತೋರಿಸಲು ಅತ್ತೆ ಒಪ್ಪಲಿಲ್ಲ. ಕೈ ಮಾತ್ರ ಅಂದರು. ನಿಜ ಹೇಳಬೇಕೆಂದರೆ ಕೈಯೇ ಸಾಕಿತ್ತು. ಬಿಸಿ ಎಸರಿನಲ್ಲಿ ಕಲಸಿ ನಾದಿದ ಹಿಟ್ಟು. ಕೆಳಗೆ ಒಣ ಹಿಟ್ಟು ಉದುರಿಸಿ ಬಡಿಯಲು ಶುರು ಮಾಡಿದರೆ ಬಡಿತಕ್ಕೊಮ್ಮೆ ರೊಟ್ಟಿ ತಾನಾಗಿ ತಿರುಗುತ್ತದೆ. ಹಸಿರು ಬಳೆಗಳು ಮೊಣಕೈವರೆಗೆ ಸರಿದಿರುತ್ತವೆ. ತವಾದ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿದರು. ಇನ್ನೇನು ಉಬ್ಬಬೇಕು, ಎದುರು ಮನೆ ವೈನಿ ಹೊರಗಿನಿಂದ ಕೂಗಿದರು: 'ನಳ ಬಂತ್ರೀ, ನಳಾ!'

ನಮ್ಮ ಓಣಿಗೆ ನಳ ದಿನಾ ಬರುವುದಿಲ್ಲ. ಬಂದಾಗ ಯಾರು ಏನು ಮಾಡುತ್ತಿದ್ದರೂ ಬಿಟ್ಟು ಕೊಡ ಹಿಡಿದು ಓಡಬೇಕು. ಅತ್ತೆಯ ಕೈ ವಿಡಿಯೊದಿಂದ ಮಾಯವಾಯಿತು. ರೊಟ್ಟಿ ಒಂದೇ ಉಬ್ಬಿತು, ಒಂಚೂರು ಕಾಯಿತು, ಆಮೇಲೆ ನಿಧಾನವಾಗಿ ಕರ್ರಗಾಯಿತು. ಹುಡುಗ ಅದನ್ನು ಹಾಗೇ ಹಾಕಿಬಿಟ್ಟ.

ಜನ ಮುಗಿಬಿದ್ದು ನೋಡಿದರು. ರೊಟ್ಟಿಯ ಬಗ್ಗೆ ಮಾತ್ರ ಒಬ್ಬರೂ ಒಂದು ಅಕ್ಷರ ಬರೆಯಲಿಲ್ಲ. 'ಯಾವ ಏರಿಯಾ ಇದು? ನಮ್ಮಲ್ಲಿ ಇನ್ನಾ ಬಂದಿಲ್ಲ', 'ನಿಮಗ ಎಷ್ಟು ದಿನಕ್ಕ ಬಿಡ್ತಾರ್ರಿ?' ಬರೀ ಇದೇ. ಹಿಂದಿನ ಓಣಿಯ ಬಾಯಾರು ರಾತ್ರಿ ಮಲಗುವ ಮುಂಚೆ ರೀಲ್ಸ್ ನೋಡುತ್ತಿದ್ದರಂತೆ. ಕೂಗು ಕೇಳಿ ದಡಬಡ ಎದ್ದು, ಗಂಡನನ್ನೂ ಎಬ್ಬಿಸಿ, ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ಕೂತರಂತೆ. ನಳ ಒಮ್ಮೆ ಉಸ್ಸೆಂದು ಸುಮ್ಮನಾಯಿತು. ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ಜಗಳ. ಒಂದು ಡಬ್ಬಿ ಶೇಂಗಾ ಹಿಂಡಿ ಪುಕ್ಕಟೆ ಕೊಟ್ಟು ಸಮಾಧಾನ ಮಾಡಿದೆವು. ಹುಡುಗ ಅದನ್ನು ಜಾಹೀರಾತಿನ ಖರ್ಚು ಅಂತ ಬರೆದುಕೊಂಡ.

ಆ ರೀಲ್ಸ್‌ನಿಂದ ಬೆಂಗಳೂರಿನ ಆರ್ಡರೂ ಬಂತು, ಇಲ್ಲ ಅನ್ನುವುದಿಲ್ಲ. ಖಡಕ್ ರೊಟ್ಟಿಯಲ್ಲಿ ತೇವ ಇರುವುದಿಲ್ಲ, ವಾರಗಟ್ಟಲೆ ಕೆಡುವುದಿಲ್ಲ. ಆದರೆ ಜೋಳಕ್ಕೆ ಗೋಧಿಯ ಜಿಗುಟಿಲ್ಲ. ಒಣಗಿದ ಮೇಲೆ ಸಿಟ್ಟಿನಿಂದ ನೋಡಿದರೂ ಮುರಿಯುತ್ತದೆ. ಪೆಟ್ಟಿಗೆಯ ಮೇಲೆ 'ನಾಜೂಕು ಸಾಮಾನು' ಅಂತ ದೊಡ್ಡದಾಗಿ ಬರೆದಿದ್ದೆವು. ಕೊರಿಯರ್‌ನವರು ಅದನ್ನು ಸವಾಲು ಅಂದುಕೊಂಡರೋ ಏನೋ. 'ಮೇಡಂ, ನಾವು ಕೇಳಿದ್ದು ರೊಟ್ಟಿ, ಬಂದಿರೋದು ಹಿಟ್ಟು' ಅಂತ ಫೋಟೊ ಸಮೇತ ಮೆಸೇಜ್ ಬಂತು. ನಾನು ದುಡ್ಡು ವಾಪಸ್ ಕೊಡುವ ಯೋಚನೆಯಲ್ಲಿದ್ದೆ. ಅತ್ತೆ ಮೊಬೈಲ್ ಕಸಿದುಕೊಂಡು ವಾಯ್ಸ್ ಮೆಸೇಜ್ ಕಳಿಸಿದರು: 'ಏನ್ ಆಗೂದಿಲ್ಲೋ ತಮ್ಮಾ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಣಿ ಕೊಡು. ಒಂದೀಟು ನೀರು ಚಿಮುಕಿಸಿ ಮುಚ್ಚಿಡು. ತಿಂದು ಹೇಳು.' ಅವರು ತಿಂದರು, ಹೇಳಿದರು, ಮೆಚ್ಚಿದರು. ಈಗ ಅವರು ಮುರುಕು ರೊಟ್ಟಿಯನ್ನೇ ಕೇಳುತ್ತಾರೆ. ಮುರಿದದ್ದಕ್ಕೆ ರೇಟ್ ಕಡಿಮೆ ಅಲ್ವಾ ಅಂತ.

ವಾಟ್ಸಾಪಿನಲ್ಲಿ ಬ್ರಾಡ್‌ಕಾಸ್ಟ್ ಅಂತ ಒಂದಿದೆ. ಒಂದು ಪಟ್ಟಿಯಲ್ಲಿ 256 ಜನರಿಗೆ ಒಂದೇ ಸಲ ಕಳಿಸಬಹುದು, ಆದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ಇದು ಗೊತ್ತಾದದ್ದೇ ತಡ, ಅತ್ತೆ ಸೂಪರ್ ಮಾರ್ಕೆಟಿನಲ್ಲಿ ಕಂಡ ಪರಿಚಯದವರನ್ನೆಲ್ಲ ನಿಲ್ಲಿಸಿ ಸೇವ್ ಮಾಡಿಸಿದರು. ಸೇವ್ ಮಾಡುವವರು ಹೆಸರು ಎಲ್ಲಿ ಕೇಳುತ್ತಾರೆ? ಮೊನ್ನೆ ಸಿಲಿಂಡರ್ ತಂದ ಹುಡುಗ ಬಾಗಿಲಲ್ಲೇ ನಿಂತು ಅಂದ: 'ಫೋನಿನಾಗ ರೊಟ್ಟಿ ಆಂಟಿ ಅಂತ ತೋರಸ್ತು. ಅದಕ್ಕ ಮೊದಲ ನಿಮ್ಮಲ್ಲೇ ಬಂದೆ. ಬಿಸಿವು ಅದಾವೇನ್ರಿ?' ಎಂ.ಎ. ಮಾಡಿದವಳು ನಾನು. ಇರಲಿ, ಸಿಲಿಂಡರ್ ಬೇಗ ಬಂತಲ್ಲ.

ಇನ್ನು ಗ್ರೂಪ್. ಒಂದು ವಾಟ್ಸಾಪ್ ಗ್ರೂಪಿನಲ್ಲಿ 1024 ಜನ ಇರಬಹುದು. ನಮ್ಮದರಲ್ಲಿ ಮೊದಮೊದಲು ಇದ್ದವರೆಲ್ಲ ನೆಂಟರು. ಬೆಳಿಗ್ಗೆ ಗುಲಾಬಿ ಹೂವು, ಮಧ್ಯಾಹ್ನ 44 ಡಿಗ್ರಿ ಬಿಸಿಲಿನ ಸ್ಕ್ರೀನ್‌ಶಾಟು, ರಾತ್ರಿ ಕರೆಂಟ್ ಹೋಯಿತಾ ಅನ್ನುವ ವಿಚಾರಣೆ. ಆಗ ಬಂದರು ಗಂಜಿನ ಕಾಕಾ. ದೂರದ ಸಂಬಂಧ, ಗಂಜಿನ, ಅಂದರೆ ದವಸಧಾನ್ಯದ ಮಾರ್ಕೆಟಿನ, ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅತ್ತೆ ಹಾಕಿದ ಗುರೆಳ್ಳು ಹಿಂಡಿಯ ಫೋಟೊ ಕೆಳಗೆ ಒಂದು ದಿನ ಅವರು ಸುಮ್ನೆ ಅವತ್ತಿನ ತೊಗರಿ ರೇಟ್ ಹಾಕಿದರು.

ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಅನ್ನುವ ಸರಕಾರಿ ಗುರುತು, ಸಿಕ್ಕಿದೆ. ಟ್ಯಾಗ್ ಇಲ್ಲದ ಕಾಲದಲ್ಲೂ ಇಲ್ಲಿ ತೊಗರಿಯ ಮಾತು ಬಂದರೆ ನಿದ್ದೆಯಲ್ಲಿದ್ದವರೂ ಎದ್ದು ಕೂರುತ್ತಿದ್ದರು. ಡಿಸೆಂಬರ್, ಜನವರಿಯಲ್ಲಿ ರಾಶಿ ಆಗುತ್ತದೆ. ಆಮೇಲೆ ಚೀಲಗಳು ಪಡಸಾಲೆಯಲ್ಲಿ ಕೂರುತ್ತವೆ, ಚೀಲದ ಧಣಿ ರೇಟ್ ಏರಲಿ ಅಂತ ಎದುರಿಗೆ ಕೂರುತ್ತಾನೆ. ಕಾಕಾ ದಿನಾ ರೇಟ್ ಹಾಕತೊಡಗಿದರು. ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯಿಂದೆಲ್ಲ ಜನ ಬಂದು ಸೇರಿದರು. ಹುಡುಗ ಕಮ್ಯುನಿಟಿ ಬೆಳೆಯಿತು ಅಂತ ಕುಣಿದಾಡಿದ. ನಾನು ಹಿಂಡಿಯ ಫೋಟೊ ಹಾಕಿದರೆ 'ಫೋಟೊ ಬ್ಯಾಡ್ರಿ ಅಕ್ಕಾ, ಇವತ್ತಿನ ರೇಟ್ ಹಾಕ್ರಿ' ಅಂತ ಬರುತ್ತಿತ್ತು. 'ನಿಮಗೆ ಯಾವ ಹಿಂಡಿ ಇಷ್ಟ?' ಅಂತ ಪೋಲ್ ಇಟ್ಟರೆ ಕೆಳಗೆ ಒಬ್ಬರು ಕೇಳಿದರು: 'ಮಾರಬೇಕೋ, ಇನ್ನಾ ಇಟ್ಕೋಬೇಕೋ?'

ಶರಣಬಸವೇಶ್ವರ ಜಾತ್ರೆಯಲ್ಲಿ ರುಮಾಲು ಸುತ್ತಿದ ಒಬ್ಬರು ಅತ್ತೆಯನ್ನು ಹಿಡಿದು ನಿಲ್ಲಿಸಿದರು. 'ತೊಗರಿ ಗ್ರೂಪಿನ ಅಡ್ಮಿನ್ ನೀವೇ ಹೌದಿಲ್ಲೋ ತಾಯಿ? ಏನ್ ಮಾಡೂಣು ಹೇಳ್ರಿ.' ಅತ್ತೆ ತೇರಿನ ಕಡೆ ಒಮ್ಮೆ ನೋಡಿ, 'ಎಂಟು ದಿನ ತಡೀರಿ' ಅಂದುಬಿಟ್ಟರು. ಶರಣರ ಕೃಪೆಯೋ ಏನೋ, ರೇಟ್ ಏರಿತು. ಅಲ್ಲಿಂದ ಅತ್ತೆಯ ಫೋನು ನಿಂತಿಲ್ಲ. ಯಾರೂ ರೊಟ್ಟಿ ಕೇಳುವುದಿಲ್ಲ.

ಹುಡುಗನಿಗೆ ತಾಳ್ಮೆ ತಪ್ಪಿತು. 'ದಯವಿಟ್ಟು ಎಲ್ಲರೂ ರೊಟ್ಟಿ ಬಗ್ಗೆ ಮಾತಾಡೋಣ' ಅಂತ ನಗುವ ಮುಖ ಹಚ್ಚಿ ಹಾಕಿದ. ಕಾಕಾ ಒಂದು ಮಾತೂ ಆಡದೆ ಗ್ರೂಪ್ ಬಿಟ್ಟರು. ಮರುದಿನ ರೇಟ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡತೊಡಗಿದರು. ಈಗ ಗ್ರೂಪ್ ಬಿಟ್ಟುಹೋದರೆ ಅಡ್ಮಿನ್‌ಗೆ ಮಾತ್ರ ಸೂಚನೆ ಬರುವ ವ್ಯವಸ್ಥೆ ಇದೆ. ಹಾಗಾಗಿ ಆ ಸಂಕಟವನ್ನು ಹಂಚಿಕೊಳ್ಳಲೂ ಯಾರೂ ಇರಲಿಲ್ಲ.

ಕೊನೆಗೆ ಅತ್ತೆ ಮಾಲ್ಪುರಿ ಕಟ್ಟಿಸಿಕೊಂಡು, ನನ್ನನ್ನೂ ಕರೆದುಕೊಂಡು ಕಾಕಾನ ಮನೆಗೆ ಹೋದರು. ಕಾಕಾ ಮಾಲ್ಪುರಿ ತಿಂದರು, ಚಾ ಕುಡಿದರು, ಮೂವತ್ತು ವರ್ಷದ ಹಿಂದಿನ ಒಂದು ಮದುವೆಯಲ್ಲಿ ತಮ್ಮನ್ನು ಊಟಕ್ಕೆ ಕರೆಯದೇ ಇದ್ದದ್ದನ್ನು ನೆನಪಿಸಿದರು. ಆಮೇಲೆ ಷರತ್ತು ಹೇಳಿದರು: ತಮ್ಮನ್ನು ಅಡ್ಮಿನ್ ಮಾಡಬೇಕು. ಅಲ್ಲೇ ಕೂತು ಮಾಡಿದೆ. ಕಾಕಾ ಕನ್ನಡಕ ಏರಿಸಿ, ಒಂದೇ ಬೆರಳಲ್ಲಿ ನಿಧಾನವಾಗಿ ಟೈಪ್ ಮಾಡಿದರು. ನಾವು ಆಟೊ ಹತ್ತುವಷ್ಟರಲ್ಲಿ ಮೆಸೇಜ್ ಬಂತು:

'ಎಲ್ಲರಿಗೂ ಶರಣು. ಇನ್ನು ಮುಂದೆ ಈ ಗ್ರೂಪಿನಲ್ಲಿ ಯಾರೂ ತಮ್ಮ ಸ್ವಂತ ವ್ಯಾಪಾರದ ಫೋಟೊ ಹಾಕತಕ್ಕದ್ದಲ್ಲ.'

ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದ ಅತ್ತೆ, ರೇಟ್ ಬಂದಿರಬೇಕು ಅಂದುಕೊಂಡು ಹೆಬ್ಬೆರಳು ಒತ್ತಿದರು.