ಬೇಸ್‌ಮೆಂಟಿನಲ್ಲಿ ಅಪ್ಪ ಅಮ್ಮನಿಗೆ ಕೋಣೆ ಕಟ್ಟಿಸುವ ಮುನ್ನ

ಷಿಕಾಗೊ ಸುತ್ತಮುತ್ತ ಸ್ವಂತ ಮನೆ ಕೊಂಡ ಕನ್ನಡದವರು ನಾಲ್ಕು ಮಂದಿ ಸೇರಿದರೆ ಮಾತು ಬಹುಬೇಗ ಬೇಸ್‌ಮೆಂಟಿಗೆ, ಅಂದರೆ ನೆಲಮಾಳಿಗೆಗೆ, ಇಳಿಯುತ್ತದೆ. ಇಲ್ಲಿ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವುದರಿಂದ ಅಡಿಪಾಯವನ್ನು ಸುಮಾರು 42 ಇಂಚಿಗಿಂತ ಆಳಕ್ಕೆ ಒಯ್ಯಲೇಬೇಕು. ಅಷ್ಟು ಅಗೆದ ಮೇಲೆ ಇನ್ನೂ ಸ್ವಲ್ಪ ಅಗೆದು ಒಂದು ಪೂರ್ತಿ ಅಂತಸ್ತನ್ನೇ ಪಡೆಯುವುದು ಹಳೆಯ ರೂಢಿ. ಬರಿಯ ಕಾಂಕ್ರೀಟ್ ಗೋಡೆ, ಮನೆ ಬೆಚ್ಚಗಿಡುವ ಫರ್ನೇಸ್, ವಾಟರ್ ಹೀಟರ್‌ಗಳಿರುವ ಆ ಜಾಗಕ್ಕೆ ಗೋಡೆ, ನೆಲಹಾಸು ಹೊದಿಸಿ ಫಿನಿಶ್ ಮಾಡಿಸಿದರೆ ಸತ್ಯನಾರಾಯಣ ಪೂಜೆಗೆ ಬಂದವರೆಲ್ಲ ಅಲ್ಲೇ ಕೂರಬಹುದು, ದಸರೆಗೆ ಗೊಂಬೆ ಕೂರಿಸಬಹುದು. ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ಊರಿನಿಂದ ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮನಿಗೆ ಅಲ್ಲೊಂದು ಮಲಗುವ ಕೋಣೆ ಮಾಡಿಸಲು ಹೊರಟವರು ಕಾರ್ಪೆಟ್ಟಿನ ಬಣ್ಣದಿಂದ ಯೋಚನೆ ಶುರುಮಾಡುವುದನ್ನು ಕಂಡಾಗ ನನಗೆ ಸುಮ್ಮನಿರಲಾಗುವುದಿಲ್ಲ.

ಮೊದಲು ನೋಡಬೇಕಾದದ್ದು ಕಿಟಕಿಯನ್ನು. ಮೆಟ್ಟಿಲ ಬಳಿ ಬೆಂಕಿ ಹೊತ್ತಿಕೊಂಡರೆ ಆ ಕೋಣೆಯಲ್ಲಿ ಮಲಗಿದವರು ಹೊರಬರಲು ಇರುವ ದಾರಿ ಅದೊಂದೇ. ಇಲ್ಲಿನ ಹೆಚ್ಚಿನ ಊರುಗಳು ಆಧಾರವಾಗಿಟ್ಟುಕೊಂಡಿರುವ ವಸತಿ ಕಟ್ಟಡ ನಿಯಮಗಳ ಪ್ರಕಾರ ಅಂಥ ಕಿಟಕಿ ತೆರೆದಾಗ ಕನಿಷ್ಠ 5.7 ಚದರ ಅಡಿ ಜಾಗ ಬಿಡಬೇಕು, ಅದರ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಎತ್ತರದಲ್ಲಿರಬಾರದು. ನಲವತ್ತನಾಲ್ಕು ಇಂಚು ಹತ್ತಿ ಹೊರಬರುವುದು ಮಂಡಿನೋವಿನ ಅಮ್ಮನಿಗೆ ಸಾಧ್ಯವೇ ಎಂಬುದನ್ನು ಯಾವ ನಿಯಮವೂ ಕೇಳುವುದಿಲ್ಲ, ಮಗನೇ ಕೇಳಿಕೊಳ್ಳಬೇಕು. ಬೆಂಕಿ ಮಾತ್ರವಲ್ಲ, ನೀರು ನುಗ್ಗಿದಾಗಲೂ ಹೊರದಾರಿ ಬೇಕು: 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆ ನ್ಯೂಯಾರ್ಕ್ ನಗರದಲ್ಲಿ ಬಲಿ ತೆಗೆದುಕೊಂಡ ಹದಿಮೂರು ಮಂದಿಯಲ್ಲಿ ಹನ್ನೊಂದು ಮಂದಿ ನೆಲಮಾಳಿಗೆಯ ಮನೆಗಳಲ್ಲಿದ್ದವರು.

ಎರಡನೆಯದು ರೇಡಾನ್. ಮಣ್ಣಿನಲ್ಲಿರುವ ಯುರೇನಿಯಂ ಕ್ಷಯಿಸುತ್ತ ಹುಟ್ಟುವ ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ನೆಲದ ಬಿರುಕುಗಳಿಂದ, ನೆಲದಡಿಯ ನೀರು ಬಂದು ಸೇರುವ ಸಂಪ್ ಗುಂಡಿಯಿಂದ ಒಳಗೆ ಬಂದು ಸಾಮಾನ್ಯವಾಗಿ ಬೇಸ್‌ಮೆಂಟಿನಲ್ಲೇ ಹೆಚ್ಚು ಸೇರಿಕೊಳ್ಳುತ್ತದೆ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಕಾರಣ ಇದೇ ಎಂದೂ, ವರ್ಷಕ್ಕೆ ಸುಮಾರು 21,000 ಸಾವುಗಳಿಗೆ ಇದು ಕಾರಣವೆಂದೂ ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಸರಿಪಡಿಸಿ ಎಂದು ಅದು ಹೇಳುತ್ತದೆ. ಪರೀಕ್ಷೆಯ ಕಿಟ್ ದುಬಾರಿಯದೇನಲ್ಲ. ಪರಿಹಾರವೂ ಸರಳವೇ: ಕಾಂಕ್ರೀಟ್ ನೆಲದಲ್ಲಿ ರಂಧ್ರ ಕೊರೆದು ಪೈಪು ಇಳಿಸಿ, ಅಡಿಯ ಗಾಳಿಯನ್ನು ಫ್ಯಾನಿನಿಂದ ಎಳೆದು ಸೂರಿನ ಮೇಲಕ್ಕೆ ಬಿಡುತ್ತಾರೆ. ಇದನ್ನು ಹೊಸ ನೆಲಹಾಸು ಹಾಕಿದ ಮೇಲೆ ಮಾಡಿಸುವುದಕ್ಕಿಂತ ಮುಂಚೆಯೇ ಮಾಡಿಸಿದರೆ ಖರ್ಚೂ ಕಡಿಮೆ, ರಗಳೆಯೂ ಕಡಿಮೆ.

ನೀರಿನ ವಿಷಯ ಎಲ್ಲರಿಗೂ ಗೊತ್ತಿರುವಂತೆ ಕಾಣುತ್ತದೆ, ಆದರೂ ಜನ ಒಂದು ಮಳೆಗಾಲವನ್ನೂ ಕಾಯದೆ ಗೋಡೆಗೆ ಡ್ರೈವಾಲ್ (ಜಿಪ್ಸಮ್ ಹಲಗೆ) ಹೊದಿಸಿಬಿಡುತ್ತಾರೆ. ಕಾಂಕ್ರೀಟು ಹೊರಗಿನ ತೇವವನ್ನು ಹೀರಿಕೊಳ್ಳುತ್ತದೆ. ಅದಕ್ಕೆ ತಾಗಿಸಿ ಚಳಿ ತಡೆಯುವ ಫೈಬರ್‌ಗ್ಲಾಸ್ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊಡೆದರೆ ಒಳಗೆ ಬೂಷ್ಟು ಬೆಳೆಯುವುದಕ್ಕೆ ಅನುಕೂಲ ಮಾಡಿಕೊಟ್ಟಂತೆ. ಗೋಡೆಗೆ ಮೊದಲು ಫೋಮ್ ಬೋರ್ಡ್ ಅಂಟಿಸುವುದು ಮೇಲು. ಗುಡುಗು ಮಳೆಯ ಹೊತ್ತಿನಲ್ಲಿಯೇ ಕರೆಂಟ್ ಹೋಗುವುದರಿಂದ ಗುಂಡಿಯ ನೀರನ್ನು ಹೊರಹಾಕುವ ಸಂಪ್ ಪಂಪಿಗೆ ಬ್ಯಾಟರಿಯ ಆಸರೆ ಬೇಕೇ ಬೇಕು.

ಊರಾಡಳಿತದಿಂದ ಪರ್ಮಿಟ್ ತೆಗೆದುಕೊಂಡರೆ ಮನೆತೆರಿಗೆ ಏರುತ್ತದೆಂದು ಸದ್ದಿಲ್ಲದೆ ಕೆಲಸ ಮುಗಿಸುವವರಿದ್ದಾರೆ. ವೈರಿಂಗನ್ನು ಗೋಡೆ ಮುಚ್ಚುವ ಮೊದಲು ಒಬ್ಬ ಹೊರಗಿನವನು ಬಂದು ನೋಡಿ ಹೋಗುವುದೇ ಪರ್ಮಿಟ್ಟಿನ ದೊಡ್ಡ ಲಾಭವೆಂದು ನನ್ನ ಎಣಿಕೆ. ಮನೆ ಮಾರುವಾಗಲಂತೂ ಪರ್ಮಿಟ್ ಇಲ್ಲದ ಕೋಣೆಯ ಬಗ್ಗೆ ಪ್ರಶ್ನೆ ಬರಬಹುದು.

ಇಷ್ಟೆಲ್ಲ ಮಾಡಿಸಿದ ಮೇಲೂ, ಎಪ್ಪತ್ತು ದಾಟಿದವರು ರಾತ್ರಿ ಬಚ್ಚಲಿಗೋ ಬೆಳಗಿನ ಕಾಫಿಗೋ ಮೆಟ್ಟಿಲು ಹತ್ತಿಳಿಯುವಂತೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ನೆಲಮಟ್ಟದಲ್ಲಿ ಆಫೀಸ್ ಎಂದು ಕರೆದುಕೊಳ್ಳುವ ಕೋಣೆಯೊಂದು ನಮ್ಮಲ್ಲಿ ಅನೇಕರ ಮನೆಯಲ್ಲಿದೆ. ಆ ಕೋಣೆಯನ್ನು ಅಪ್ಪ ಅಮ್ಮನಿಗೆ ಬಿಟ್ಟುಕೊಟ್ಟು, ಲ್ಯಾಪ್‌ಟಾಪು ಎತ್ತಿಕೊಂಡು ನಾವೇ ಬೇಸ್‌ಮೆಂಟಿಗೆ ಇಳಿಯಬಹುದು.