ಸುಸ್ವಗತ

ಕಮಾನಿನ ಕಥೆ ನಿಮಗೆಲ್ಲ ಗೊತ್ತೇ ಇದೆ. ಹಾಸನದಲ್ಲಿ ಗೊತ್ತಿಲ್ಲದವರು ಯಾರೂ ಉಳಿದ ಹಾಗಿಲ್ಲ. ಮೊನ್ನೆ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವಾಕೆ ನನ್ನ ಚೀಲಕ್ಕೆ ದಂಟು ತುರುಕುತ್ತಾ, "ನಿಮ್ದೇ ಅಲ್ವಾ ಸಾರ್, ಆ ತಪ್ಪು ಬರ್ಸಿರೋ ಬಡಾವಣೆ?" ಅಂದಳು. ಹೌದು ತಾಯಿ, ನಮ್ಮದೇ. ಊರಿಗೆಲ್ಲ ಹೆಸರಾಗಲಿ ಅಂತಲೇ ಕಟ್ಟಿಸಿದ್ದು, ಆಯಿತು.

ಗೊತ್ತಿದ್ದೂ ಇನ್ನೊಮ್ಮೆ ಹೇಳುತ್ತೇನೆ, ನನ್ನ ಸಮಾಧಾನಕ್ಕೆ. 64 ಮನೆಗಳ ನಮ್ಮ ಬಡಾವಣೆಯ ಬಾಯಿಗೆ ನಮ್ಮ ನಿವಾಸಿಗಳ ಸಂಘವು 2,85,000 ರೂಪಾಯಿ ಖರ್ಚು ಮಾಡಿ ಕಮಾನು ಕಟ್ಟಿಸಿದೆ. ಎರಡು ಕಡೆ ಗ್ರಾನೈಟ್ ಕಂಬ. ಕಂಬಕ್ಕೊಂದರಂತೆ ಸೊಂಡಿಲೆತ್ತಿದ ಸಿಮೆಂಟಿನ ಆನೆ. ಸಕಲೇಶಪುರದ ಕಡೆ ನಿಜವಾದ ಆನೆಗಳು ಕರೆಯದೆ ಬಂದು ಅಂಗಳದಲ್ಲಿ ನಿಲ್ಲುವ ಜಿಲ್ಲೆ ಇದು, ನಾವು ದುಡ್ಡು ಕೊಟ್ಟು ಆನೆ ತಂದೆವು. ನೆತ್ತಿಯ ಮೇಲೆ ಚಿನ್ನದ ಬಣ್ಣದ ದಪ್ಪ ಅಕ್ಷರ: ಸುಸ್ವಗತ.

ಒಂದು ದೀರ್ಘ ಬಿಟ್ಟುಹೋಗಿದೆ, ಅಷ್ಟೇ. ಆದರೆ ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು, ಸುಮ್ಮನೆ ದಾಟಿ ಹೋಗಲಾರೆ. ನಾಟಕದಲ್ಲಿ ಪಾತ್ರಧಾರಿ ಪಕ್ಕದಲ್ಲಿ ನಿಂತವನಿಗೂ ಕೇಳಿಸದ ಹಾಗೆ ತನ್ನಷ್ಟಕ್ಕೆ ತಾನು ಆಡಿಕೊಳ್ಳುವ ಮಾತಿಗೆ ಸ್ವಗತ ಅನ್ನುತ್ತಾರೆ. ಅದಕ್ಕೆ 'ಸು' ಸೇರಿದರೆ ಒಳ್ಳೆಯ ಸ್ವಗತ. ಸಂಘದ ಮುಂದೆ ಸದಸ್ಯರು ಹೇಳಿಕೊಳ್ಳುವ ದೂರಿಗೆ ಇದಕ್ಕಿಂತ ಸರಿಯಾದ ಹೆಸರು ಪಂಡಿತರು ಕೂತು ಹುಡುಕಿದ್ದರೂ ಸಿಗುತ್ತಿರಲಿಲ್ಲ. ತಪ್ಪು ಬರೆದ ಪೇಂಟರನಿಗೆ ನನ್ನ ನಮಸ್ಕಾರ. ಅವನೊಬ್ಬನೇ ಈ ಕಾಮಗಾರಿಯಲ್ಲಿ ಸತ್ಯ ಬರೆದವನು. ಈಗ ಆ ದೀರ್ಘ ಹಾಕಿಸಲು ಇನ್ನೂ 8,500 ಬೇಕಂತೆ.

ಹೋದ ತಿಂಗಳ ಸಭೆಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಈ 2,85,000ಕ್ಕೆ ಬಿಲ್ಲು ಇದೆಯಾ? ಅಷ್ಟಕ್ಕೇ ಅಧ್ಯಕ್ಷರು ಎದ್ದು ನಿಂತರು. "ಏನ್ ಮೇಷ್ಟ್ರೇ, ನಾವೇನ್ ತಿಂದ್ ಹಾಕಿದೀವಾ? ಮನೆ ಮಠ ಬಿಟ್ಟು, ಒಂದ್ ಪೈಸೆ ಸಂಬ್ಳ ಇಲ್ದೆ ದುಡೀತಿದೀವಿ. ನಿಮ್ಮಂಥೋರ್ ಬಾಯಲ್ಲಿ ಈ ಮಾತಾ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಇದೆಯಲ್ಲ, ನಾನಿನ್ನೂ ಕಳ್ಳ ಎಂದೇ ಇರಲಿಲ್ಲ, ಕುಂಬಳಕಾಯಿ ಎಷ್ಟು ತೂಗಿತು ಅಂತ ಕೇಳಿದ್ದೆ.

ನಮ್ಮ ಕಡೆ ಲೆಕ್ಕ ಕೇಳುವುದೆಂದರೆ ಅವರ ಜುಟ್ಟಿಗೆ ಕೈ ಹಾಕಿದಂತೆ. ಅಂಗಡಿಯವನ ಹತ್ತಿರ ಎಂಟಾಣೆ ಚಿಲ್ಲರೆಗೆ ಜಗಳ ಆಡುತ್ತೇವೆ, ಅವನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ 'ಸೇವೆ' ಮಾಡುವವರ ಹತ್ತಿರ ಲಕ್ಷದ ಬಿಲ್ಲು ಕೇಳಿದರೆ ಅವರ ಮನಸ್ಸು ನೋಯುತ್ತದೆ. ಈಚೆಗೆ ನನಗೆ ಅನ್ನಿಸುತ್ತಿರುವುದು, ಹಾಗೆ ಬೇಗ ನೋಯುವ ಮನಸ್ಸಿರುವವರನ್ನೇ ನಾವು ಹುಡುಕಿ ಹುಡುಕಿ ಅವಿರೋಧವಾಗಿ ಆರಿಸುತ್ತೇವೋ ಏನೋ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಸಂಬಳವಿಲ್ಲದ ಕೆಲಸ ಅನ್ನುವುದು ಸುಳ್ಳಲ್ಲ. ರಾತ್ರಿ ಹನ್ನೊಂದಕ್ಕೆ ಬೋರಿನ ಮೋಟಾರು ಸುಟ್ಟರೆ ಟಾರ್ಚು ಹಿಡಿದು ಹೋಗುವವರು ಖಜಾಂಚಿಗಳೇ. ನಾನು ಹೋಗುವುದಿಲ್ಲ, ಕಿಟಕಿಯಿಂದ ನೋಡುತ್ತೇನೆ. "ಹಂಗಾದ್ರೆ ನೀವೇ ಬಂದು ಮಾಡಿ" ಎಂಬ ಅಧ್ಯಕ್ಷರ ಬ್ರಹ್ಮಾಸ್ತ್ರಕ್ಕೆ ಇಡೀ ಬಡಾವಣೆಯಲ್ಲಿ ಪ್ರತಿ ಅಸ್ತ್ರವಿಲ್ಲ. ಆ ಮಾತು ಬಿದ್ದ ಕೂಡಲೇ ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದು ಕಾಫಿ ಬಂತಾ ಅಂತ ನೋಡುತ್ತೇವೆ.

ಸಭೆ ಮುಗಿದ ಮೂರನೇ ದಿನ 'ದೂರು ನಿರ್ವಹಣಾ ಉಪಸಮಿತಿ' ಹುಟ್ಟಿತು. ಅದರಲ್ಲಿ ಮೂವರು: ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು. ಯಾರ ಮೇಲೆ ದೂರೋ ಅವರೇ ದೂರು ಕೇಳಿದರೆ ಎಷ್ಟು ಅನುಕೂಲ ನೋಡಿ, ವಿಷಯ ತಿಳಿಸಿ ಹೇಳುವ ಶ್ರಮವೇ ಇಲ್ಲ, ಅವರಿಗೆ ಮೊದಲೇ ಗೊತ್ತಿರುತ್ತದೆ. ದೂರು ಲಿಖಿತವಾಗಿರಬೇಕು, ಮೂರು ಪ್ರತಿ ಇರಬೇಕು, ಜೊತೆಗೆ ಬಾಕಿ ಇಲ್ಲವೆಂಬ ಪತ್ರ ಇರಬೇಕು. ಆ ಪತ್ರ ಕೊಡಬೇಕಾದವರು ಖಜಾಂಚಿಗಳು. ಖಜಾಂಚಿಗಳು ಬೆಂಗಳೂರಿಗೆ ಮಗನ ಮನೆಗೆ ಹೋಗಿದ್ದಾರೆ. ಇದರ ಮೇಲೆ, 'ದೂರಿನ ಧಾಟಿ ಸಮಿತಿಯ ಮನಸ್ಸಿಗೆ ನೋವು ತರುವಂತಿರಬಾರದು.' ವಾಟ್ಸಾಪ್ ಗುಂಪನ್ನು ಅಡ್ಮಿನ್‌ಗಳು ಮಾತ್ರ ಮಾತಾಡುವಂತೆ ಮಾಡಿದ್ದಾರೆ. ಈಗ ಅಲ್ಲಿ ದಿನಾ ಬೆಳಗ್ಗೆ ಗುಲಾಬಿ ಹೂವು, ಶುಭೋದಯ, 'ಸಂಶಯ ಬಿಡಿ, ಸಂತೋಷ ಪಡಿ' ಎಂಬ ಸುಭಾಷಿತ. ಹೆಬ್ಬೆರಳು ತೋರಿಸಲು ಮಾತ್ರ ನಮಗೆ ಅವಕಾಶ ಉಂಟು.

ನಮ್ಮ ಸಂಘವು ಹಾಸನಾಂಬೆಯ ಗುಡಿಯನ್ನು ನೋಡಿ ಕಲಿತಿರಬೇಕು ಅಂತ ನಾನು ಮೊದಲು ಅಂದುಕೊಂಡಿದ್ದೆ. ತಾಯಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವೀಜದ ಹುಣ್ಣಿಮೆ ಕಳೆದ ಗುರುವಾರ ತೆರೆಯುತ್ತದೆ. ನಮ್ಮ ಲೆಕ್ಕದ ಪುಸ್ತಕವೂ ವರ್ಷಕ್ಕೊಮ್ಮೆಯೇ. ಹೋದ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ, ಮುಡಿಸಿದ ಹೂವು ಬಾಡಿರುವುದಿಲ್ಲ ಅನ್ನುವುದು ಅಲ್ಲಿನ ನಂಬಿಕೆ. ನಮ್ಮಲ್ಲೂ ಹೋದ ವರ್ಷ ಓದಿದ 'ಟ್ಯಾಂಕ್ ದುರಸ್ತಿ: ಶೀಘ್ರದಲ್ಲೇ' ಎಂಬ ಸಾಲು ಈ ವರ್ಷವೂ ಒಂದಿಷ್ಟೂ ಬಾಡದೆ ನಗುತ್ತಿತ್ತು. ಅಲ್ಲಿ ಸೊಸೆ ಕಲ್ಲು ಇದೆ, ವರ್ಷಕ್ಕೆ ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತದಂತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ. ನನ್ನ ದೂರು ಕಾರ್ಯದರ್ಶಿಗಳ ಮೇಜಿನಿಂದ ಅಧ್ಯಕ್ಷರ ಮೇಜಿಗೆ ಸರಿಯುತ್ತಿರುವ ವೇಗವೂ ಅದೇ. ಕಲ್ಲಾದ ಕಳ್ಳರ ಗುಡಿಯೂ ಅಲ್ಲೇ ಇದೆ. ಆ ಹೋಲಿಕೆಯನ್ನು ಮುಂದುವರಿಸುವುದಿಲ್ಲ, ಧಾಟಿಯ ನಿಯಮ ಇದೆ.

ಆದರೆ ತಾಯಿಗೆ ಅನ್ಯಾಯ ಮಾಡಿದೆ ನಾನು. ಅಲ್ಲಿ ಬಾಗಿಲು ಮುಚ್ಚಿದ ಮೇಲೆ ಅಧಿಕಾರಿಗಳ ಎದುರು ಹುಂಡಿ ಸುರಿದು ಎಣಿಸುತ್ತಾರೆ. ಸಾವಿರದ ಟಿಕೆಟ್ಟಿನಿಂದ ಎಷ್ಟು, ಮುನ್ನೂರರದ್ದರಿಂದ ಎಷ್ಟು, ಲಾಡಿನಿಂದ ಎಷ್ಟು ಎಂದು ಪತ್ರಿಕೆಯಲ್ಲಿ ಬರುತ್ತದೆ. ಹುಂಡಿಯಲ್ಲಿ ಭಕ್ತರು ಹಾಕಿದ ಪತ್ರಗಳೂ ಸಿಗುತ್ತವೆ: ಪಾಸು ಮಾಡಿಸಮ್ಮ, ಮದುವೆ ಮಾಡಿಸಮ್ಮ, ನಮ್ಮೂರ ರಸ್ತೆ ಸರಿ ಮಾಡಿಸಮ್ಮ. ಅವನ್ನೂ ಬಿಡಿಸಿ ಓದುತ್ತಾರೆ. ಮೂರು ಪ್ರತಿ ಕೇಳುವುದಿಲ್ಲ, ಬಾಕಿ ಇಲ್ಲವೆಂಬ ಪತ್ರ ಕೇಳುವುದಿಲ್ಲ. ವರ್ಷಕ್ಕೆರಡು ವಾರವೂ ದರ್ಶನ ಕೊಡದ ದೇವಿಯ ಗುಡಿಗಿಂತ ನಮ್ಮ ನಾಲ್ಕನೇ ಅಡ್ಡರಸ್ತೆಯ ಖಜಾಂಚಿಗಳ ಮನೆ ದುರ್ಗಮ.

ಅಂದಹಾಗೆ, ನಮ್ಮ ಸಂಘದ ಸಭೆಯಲ್ಲಿ ಓದಿದ ಲೆಕ್ಕದಲ್ಲಿ ನನಗೆ ತುಂಬ ಇಷ್ಟವಾದದ್ದು ಕಮಾನಲ್ಲ, 'ಇತರೆ 41,350'. ಈ ಇತರೆ ಎನ್ನುವ ಮಹಾನುಭಾವರು ಯಾವ ಮನೆಯಲ್ಲಿದ್ದಾರೆ ಗೊತ್ತಿಲ್ಲ. ಗುಡಿಸುವ ಹೆಂಗಸಿಗೆ ತಿಂಗಳಿಗೆ 6,000, ಇತರೆ ಅವರಿಗೆ ಅದರ ಏಳು ಪಟ್ಟು ಹತ್ತಿರ. ಸಭೆಗೆ ಬರುವುದಿಲ್ಲ, ಸಹಿ ಹಾಕುವುದಿಲ್ಲ, ಆದರೆ ಕರ್ನಾಟಕದ ಯಾವ ಸಂಘ, ಯಾವ ಗಣಪತಿ ಸಮಿತಿ, ಯಾವ ಮದುವೆ ಮನೆಯ ಪಟ್ಟಿ ತೆಗೆದರೂ ಕೊನೆಯ ಸಾಲಿನಲ್ಲಿ ಕೈ ಕಟ್ಟಿ ನಿಂತಿರುತ್ತಾರೆ. ಮೊತ್ತ ಕೂಡಿಬರದಿದ್ದಾಗ ಹೆಗಲು ಕೊಡುವವರು ಅವರೇ. ನನಗೂ ಒಮ್ಮೆ ಕೊಟ್ಟಿದ್ದಾರೆ, ಯಾಕೆ ಮುಚ್ಚಿಡಲಿ. 2009ರಲ್ಲಿ ಒಂದು ವರ್ಷ ನಾನೇ ಖಜಾಂಚಿ. ಗಣಪತಿ ಬಿಟ್ಟು ಬಂದ ರಾತ್ರಿ 1,140 ರೂಪಾಯಿ ಕಡಿಮೆ ಬಂತು. ಎರಡು ದಿನ ತಲೆ ಕೆರೆದುಕೊಂಡು, ಮೂರನೇ ದಿನ ಹೆಂಡತಿ ಬೈದ ಮೇಲೆ, 'ಇತರೆ' ಎಂದು ಬರೆದೆ. ಯಾರೂ ಕೇಳಲಿಲ್ಲ. ಆ 1,140 ಎಲ್ಲಿ ಹೋಯಿತೋ ಇವತ್ತಿಗೂ ನನಗೆ ಗೊತ್ತಿಲ್ಲ, ಆದರೆ ಯಾರಾದರೂ ಕೇಳಿದ್ದಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ.

ಮಾಹಿತಿ ಹಕ್ಕಿನಲ್ಲಿ ಕೇಳೋಣವೆಂದರೆ ಅದು ಸರ್ಕಾರಿ ಕಚೇರಿಗಳಿಗೆ, ನಮ್ಮಂಥ ಖಾಸಗಿ ಸಂಘಕ್ಕಲ್ಲ. ಹತ್ತು ರೂಪಾಯಿ ಕಟ್ಟಿ ದೆಹಲಿಯ ಮಂತ್ರಾಲಯದ ಕಡತ ಕೇಳಬಹುದು, ನಮ್ಮ ಖಜಾಂಚಿಗಳ ಡೈರಿ ಕೇಳುವಂತಿಲ್ಲ. ಉಳಿದದ್ದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಸಂಘ ರಿಜಿಸ್ಟರ್ ಆಗಿರುವುದು ಅದರಡಿಯಲ್ಲೇ. ವರ್ಷಕ್ಕೊಮ್ಮೆ ಮಹಾಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ, ಆಯವ್ಯಯದ ಲೆಕ್ಕ ನೋಂದಣಾಧಿಕಾರಿಗಳಿಗೆ ಒಪ್ಪಿಸಬೇಕು. 25ನೇ ಸೆಕ್ಷನ್ ಪ್ರಕಾರ ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟರೆ ಅವರು ವಿಚಾರಣೆ ನಡೆಸಬೇಕು. 64ರಲ್ಲಿ ಮೂರನೇ ಒಂದು ಭಾಗ ಎಂದರೆ 22 ಸಹಿ. ನಾಲ್ಕು ಸಂಜೆ ತಿರುಗಿದರೆ ಆದೀತು ಎಂದು ಪೆನ್ನು ಹಿಡಿದು ಹೊರಟೆ.

ಎಲ್ಲ ಮನೆಯಲ್ಲೂ ಕಾಫಿ ಸಿಕ್ಕಿತು. "ನೀವ್ ಹೇಳೋದು ನೂರಕ್ಕೆ ನೂರು ಸರಿ ಮೇಷ್ಟ್ರೇ, ಆದ್ರೆ ಅಧ್ಯಕ್ಷರು ನಮ್ಮ್ ಹುಡುಗನ ಮದ್ವೆಗೆ ಹಾಸನದಿಂದ ಅರಸೀಕೆರೆವರೆಗೂ ಬಂದಿದ್ರು." ಎದುರು ಮನೆಯ ನಿವೃತ್ತ ಎಂಜಿನಿಯರ್ರು ಅರ್ಜಿಯನ್ನು ಎರಡು ಸಲ ಓದಿ, ಮೂರು ವ್ಯಾಕರಣ ತಪ್ಪು ತಿದ್ದಿ, ಸಹಿ ಹಾಕದೆ ವಾಪಸ್ಸು ಕೊಟ್ಟರು. ಇನ್ನೊಬ್ಬರು, "ಇಪ್ಪತ್ತೊಂದ್ ಆಗ್ಲಿ, ಇಪ್ಪತ್ತೆರಡನೇದು ನಂದೇ" ಅಂದರು. ಹೀಗೆ ಇಪ್ಪತ್ತೆರಡನೆಯವರಾಗಲು ಸಿದ್ಧರಿರುವವರು ನಮ್ಮ ಬಡಾವಣೆಯಲ್ಲಿ ಒಟ್ಟು ಹದಿನಾಲ್ಕು ಜನ. ಒಬ್ಬ ತಾಯಿ ಮಾತ್ರ ಕನ್ನಡಕ ಹುಡುಕಿ ತಂದು ನಿಧಾನವಾಗಿ ಸಹಿ ಮಾಡಿದರು, "ನನ್ ಮೊಮ್ಮಗು ಆ ಟ್ಯಾಂಕ್ ಕೆಳಗೆ ಆಡುತ್ತಪ್ಪ" ಅಂದರು. ಕೊನೆಗೆ ಕೂಡಿದ್ದು ನನ್ನದೂ ಸೇರಿ ಒಂಬತ್ತು. ಹಾಸನಾಂಬೆಯ ಆವರಣದಲ್ಲಿ ವೀಣೆ ನುಡಿಸುವ ರಾವಣನಿಗೂ ಹತ್ತರ ಬದಲು ಒಂಬತ್ತೇ ತಲೆ. ಅವನ ಹಾಗೆ ವೀಣೆ ನುಡಿಸುತ್ತಾ ಕೂರಬಹುದು.

ಆ ಟ್ಯಾಂಕು. ತಮಾಷೆ ಮಾಡಲು ಎರಡು ದಿನದಿಂದ ಪ್ರಯತ್ನಪಟ್ಟೆ, ಆಗಲಿಲ್ಲ. ಕಮಾನಿನ ದುಡ್ಡು ಎಲ್ಲಿಂದ ಬಂತು ಎಂದರೆ, ಓವರ್‌ಹೆಡ್ ಟ್ಯಾಂಕ್ ದುರಸ್ತಿಗೆಂದು ಮನೆಗೆ 3,000ದಂತೆ ಎತ್ತಿದ್ದ 1,92,000 ಪೂರ್ತಿ ಅದರೊಳಗೆ ಹೋಗಿದೆ. ಟ್ಯಾಂಕಿನ ಕಂಬದ ಸಿಮೆಂಟು ಕಳಚಿ ಕಬ್ಬಿಣ ಕಾಣುತ್ತಿದೆ, ತುಕ್ಕು ಹಿಡಿದ ನೀರು ಇಳಿದ ಗುರುತು ಇದೆ. ಅದರ ನೆರಳಿನಲ್ಲಿ ಹುಡುಗರು ವಿಕೆಟ್ ನೆಟ್ಟಿದ್ದಾರೆ. ಉಳಿದ 93,000ವನ್ನು ನಾವು ತಿಂಗಳು ತಿಂಗಳು ಕಟ್ಟುವ 500ರಿಂದ ತೆಗೆದರು. ಅದಕ್ಕೇ ಕಾವಲುಗಾರನಿಗೆ ಎರಡು ತಿಂಗಳಿಂದ ಸಂಬಳ ಇಲ್ಲ. 11,000 ಅವನ ಸಂಬಳ. ಮಳೆ ಬಂದಾಗ ಅವನು ಕಮಾನಿನ ಕೆಳಗೆ ನಿಲ್ಲುತ್ತಾನೆ, ಅದು ಮಳೆ ತಡೆಯುವಷ್ಟು ಅಗಲವಿಲ್ಲ. ಮೊನ್ನೆ ರಾತ್ರಿ ಗೇಟು ತೆಗೆಯುತ್ತಾ, "ಸಾರ್, ನೀವೇನೋ ಅರ್ಜಿ ಕೊಡ್ತಿದೀರಂತೆ, ನನ್ ಹೆಸರು ಅದ್ರಲ್ಲಿ ಬರ್ದಿಲ್ಲ ತಾನೇ? ಕೆಲ್ಸ ಹೋಗುತ್ತೆ" ಎಂದ. ಸಂಬಳ ಬಾರದವನು ಹೆದರಿಕೊಂಡು ನಿಂತಿದ್ದಾನೆ, ಸಂಬಳ ನಿಲ್ಲಿಸಿದವರ ಹೆಸರು ಗ್ರಾನೈಟಿನ ಮೇಲೆ ಹೊಳೆಯುತ್ತಿದೆ. ಥೂ.

ಇನ್ನೊಂದು ಮರೆತಿದ್ದೆ. ಮಳೆಗೆ ಒಳಚರಂಡಿ ಕಟ್ಟಿಕೊಂಡಾಗ ಹೀರುವ ಯಂತ್ರದ ಲಾರಿ ಕರೆಸಿದೆವು. ಅದು ಕಮಾನಿನ ಕೆಳಗೆ ನುಗ್ಗಲಿಲ್ಲ. ಡ್ರೈವರು ಕೆಳಗಿಳಿದು, ತಲೆ ಎತ್ತಿ, ಬೋರ್ಡು ಓದಿ, "ಏನ್ ಸಾರ್ ಇದು, ಬನ್ನಿ ಅಂತಾನೋ ಬೇಡ ಅಂತಾನೋ?" ಎಂದು ಕೇಳಿ ರಿವರ್ಸ್ ತೆಗೆದುಕೊಂಡು ಹೋದ.

ನಿನ್ನೆ ನನ್ನ ದೂರಿಗೆ ಉತ್ತರ ಬಂತು. ಲೆಟರ್‌ಹೆಡ್ಡಿನ ಮೇಲೆ, ಮೊಹರು ಸಹಿತ: 'ತಮ್ಮ ದೂರನ್ನು ಉಪಸಮಿತಿಯು ಕೂಲಂಕಷವಾಗಿ ಪರಿಶೀಲಿಸಿ, ಸರ್ವಾನುಮತದಿಂದ ಇತ್ಯರ್ಥಪಡಿಸಿದೆ. ಪರಿಶೀಲನೆಗೆ ತಗುಲಿದ ಜೆರಾಕ್ಸ್, ಕಾಫಿ ಹಾಗೂ ಬೋಂಡಾ ವೆಚ್ಚ 146 ರೂ.ಗಳನ್ನು ತಾವು ಭರಿಸತಕ್ಕದ್ದು.' ಜೊತೆಗೆ ವೋಚರು, ವೋಚರಿಗೆ ರೆವಿನ್ಯೂ ಸ್ಟಾಂಪು, ಹೋಟೆಲಿನ ಬಿಲ್ಲು, ಜೆರಾಕ್ಸ್ ಅಂಗಡಿಯ ಚೀಟಿ. ಇಷ್ಟು ಅಚ್ಚುಕಟ್ಟಾದ ಲೆಕ್ಕವನ್ನು ಈ ಸಂಘದಲ್ಲಿ ನಾನು ಇದೇ ಮೊದಲ ಸಲ ನೋಡಿದ್ದು. ಕಾರ್ಯದರ್ಶಿಗಳ ಮನೆಗೆ ಹೋಗಿ 146 ಎಣಿಸಿ ಕೊಟ್ಟು, ರಸೀದಿ ಕೇಳಿದೆ.

ರಸೀದಿ ಪುಸ್ತಕ ಮುಗಿದಿದೆಯಂತೆ.