ಚಾರ್ಟನ್ನು ಸರಳಗೊಳಿಸಲು ಎರಡು ತಿಂಗಳನ್ನು ಕೈಬಿಡಬಹುದೇ?

ಪರ

ಮಂಗಳೂರಿನ ಧಕ್ಕೆಯ ಪಕ್ಕದ ಸಭಾಕೊಠಡಿಯಲ್ಲಿ ಸ್ಲೈಡ್ ತೋರಿಸಲು ನನಗೆ ಸಿಗುವುದು ಹತ್ತು ನಿಮಿಷ. ಎದುರಿಗೆ ಕುಳಿತವರು ಜೀವಮಾನವಿಡೀ ಮೀನಿನ ವ್ಯಾಪಾರ ಮಾಡಿದವರು. ಹನ್ನೆರಡು ತಿಂಗಳು, ಎಂಟು ಬಗೆಯ ಮೀನು, ಮೂರು ಬಂದರುಗಳ ವಹಿವಾಟನ್ನು ಒಂದೇ ಪರದೆಗೆ ತುಂಬಿದರೆ ಅವರಿಗೆ ಕಾಣುವುದು ಬಣ್ಣಬಣ್ಣದ ದಾರದ ಸಿಕ್ಕು. ಬೂತಾಯಿಗೊಂದು ಗೆರೆ, ಬಂಗುಡೆಗೊಂದು ಗೆರೆ ಸಾಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವುದಿಲ್ಲ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಆ ಎರಡು ತಿಂಗಳನ್ನು ತೆಗೆದುಹಾಕಿದರೆ ಯಾರಿಗೂ ಮೋಸವಾಗುವುದಿಲ್ಲ. ಉಳಿದ ಹತ್ತು ತಿಂಗಳ ಏರಿಳಿತ ಎದ್ದು ಕಾಣುತ್ತದೆ.

ಆಯ್ದು ತೋರಿಸುವುದೂ ಪ್ರಾಮಾಣಿಕ ಕೆಲಸವೇ. ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಕ್ರಿಮಿಯಾ ಯುದ್ಧದ ಸೈನಿಕರ ಸಾವುಗಳನ್ನು ಮೂರೇ ಬಣ್ಣಗಳಿಗೆ ಇಳಿಸಿದರು: ತಡೆಯಬಹುದಾಗಿದ್ದ ರೋಗ, ಗಾಯ, ಇತರ ಕಾರಣ. ಗಾಯಕ್ಕಿಂತ ರೋಗವೇ ಹೆಚ್ಚು ಜನರನ್ನು ಕೊಂದಿತ್ತೆಂಬುದು ನೋಡಿದೊಡನೆ ತಿಳಿಯುತ್ತಿತ್ತು. ಕಾಯಿಲೆಗೊಂದರಂತೆ ಬಣ್ಣ ಬಳಿದಿದ್ದರೆ ಆ ಮಾತು ಯಾರಿಗೂ ತಲುಪುತ್ತಿರಲಿಲ್ಲ.

ವಿರೋಧ

ಆದರೆ ಸ್ಲೈಡ್ ಸಭಾಕೊಠಡಿಯಲ್ಲೇ ಉಳಿಯುವುದಿಲ್ಲ. ನಾನೇ ಮಾಡಿದ ಅಂಥದೊಂದು ಚಾರ್ಟ್ ಇಮೇಲ್‌ನಲ್ಲಿ ಕೈಯಿಂದ ಕೈಗೆ ದಾಟಿ, ಕಡಲು ಕಾಣದ ಊರಿನ ಸಾಲ ವಿಭಾಗದ ಮೇಜಿಗೆ ಹೋಯಿತು. ಮೇ ತಿಂಗಳ ಚುಕ್ಕೆಯಿಂದ ಆಗಸ್ಟ್ ತಿಂಗಳ ಚುಕ್ಕೆಗೆ ಗೆರೆ ನೇರವಾಗಿ ಸಾಗಿತ್ತು. ನಡುವೆ ಏನೋ ಬಿಟ್ಟುಹೋಗಿದೆ ಎಂಬ ಸುಳಿವೂ ಇರಲಿಲ್ಲ. ಅಲ್ಲಿನವರು ಹತ್ತು ತಿಂಗಳ ಸರಾಸರಿಯನ್ನು ಹನ್ನೆರಡರಿಂದ ಗುಣಿಸಿ, ಅದನ್ನೇ ವರ್ಷದ ವಹಿವಾಟೆಂದು ಹಿಡಿದು ಕಂತು ನಿಗದಿ ಮಾಡಿದರು. ಜೂನ್ ಬಂತು. ಬೋಟು ಧಕ್ಕೆಯಲ್ಲಿತ್ತು, ಕಂತಿನ ದಿನಾಂಕ ಮಾತ್ರ ನಿಂತಿರಲಿಲ್ಲ. ಅದನ್ನು ಕಟ್ಟಲು ಮಾಲೀಕರು ಇನ್ನೊಂದು ಸಾಲ ಮಾಡಿದರು. ನನ್ನ ಚಾರ್ಟಿನಲ್ಲಿ ಒಂದೇ ಒಂದು ಅಂಕಿ ಸುಳ್ಳಾಗಿರಲಿಲ್ಲ. ಅದೇ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಏನೂ ಆಗದ ದಿನಗಳನ್ನು ಲೆಕ್ಕದಿಂದ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ಗಿಂತ ಘೋರವಾದ ಉದಾಹರಣೆ ನನಗೆ ತಿಳಿದಿಲ್ಲ. 1986ರ ಜನವರಿ 27ರ ರಾತ್ರಿ, ರಾಕೆಟ್ಟಿನ ರಬ್ಬರ್ ಉಂಗುರಗಳು ಚಳಿಯನ್ನು ತಾಳುತ್ತವೆಯೇ ಎಂದು ಚರ್ಚಿಸಿದವರು, ಉಂಗುರಕ್ಕೆ ಹಾನಿಯಾಗಿದ್ದ ಹಾರಾಟಗಳನ್ನಷ್ಟೇ ಹೋಲಿಸಿದರು. ಹಾನಿಯಿಲ್ಲದೆ ಮುಗಿದ ಹಾರಾಟಗಳನ್ನು ಪಕ್ಕಕ್ಕಿಟ್ಟರು. ಅವೆಲ್ಲವೂ ಬೆಚ್ಚಗಿನ ದಿನಗಳಲ್ಲಿ ನಡೆದಿದ್ದವು! ಅವುಗಳನ್ನೂ ಸೇರಿಸಿದ್ದರೆ ಚಳಿಗೂ ಹಾನಿಗೂ ಇರುವ ನಂಟು ಕಣ್ಣಿಗೆ ರಾಚುತ್ತಿತ್ತು. ಮರುದಿನ ಬೆಳಿಗ್ಗೆ ನೌಕೆ ಹಾರಿದ ಸ್ವಲ್ಪ ಹೊತ್ತಿಗೇ ಛಿದ್ರವಾಗಿ, ಅದರಲ್ಲಿದ್ದ ಏಳು ಮಂದಿ ಸತ್ತರು.

ಕಂಬದ ಬುಡವನ್ನು ಸೊನ್ನೆಯ ಬದಲು 92ರಲ್ಲಿ ಇಡುವ ಚಾಳಿಯೂ ಇದೆ. ಆಗ 94ರ ಪಕ್ಕದಲ್ಲಿ 98ರ ಕಂಬ ಮೂರು ಪಟ್ಟು ಎತ್ತರವಾಗಿ ಕಾಣುತ್ತದೆ. ಅದನ್ನು ಸರಳೀಕರಣವೆಂದು ಕರೆಯಲು ನಾನು ಒಪ್ಪುವುದಿಲ್ಲ.

ಈಗಲೂ ನಾನು ಎಳೆಯುವುದು ಎರಡೇ ಗೆರೆ. ಮೇ ಮುಗಿದಲ್ಲಿ ಅವು ನಿಲ್ಲುತ್ತವೆ, ಆಗಸ್ಟ್‌ನಲ್ಲಿ ಮತ್ತೆ ಶುರುವಾಗುತ್ತವೆ. ನಡುವಿನ ಖಾಲಿ ಜಾಗದಲ್ಲಿ ‘ಮೀನುಗಾರಿಕೆ ನಿಷೇಧ, 61 ದಿನ’ ಎಂದು ಬರೆದಿರುತ್ತೇನೆ.